ಮೊಂತಿ ಹಬ್ಬದ ತೆನೆ, ಮನೆಯವರ ಮಾತು

ಸೆಪ್ಟೆಂಬರ್ 8 ಹತ್ತಿರ ಬಂತೆಂದರೆ ನನಗೆ ಒಂದು ವಿಷಯಕ್ಕೆ ಸಿಟ್ಟು ಏರುತ್ತದೆ, ಈ ಸಲ ಹೇಳಿಯೇ ಬಿಡುತ್ತೇನೆ. ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ, ನಮ್ಮ ಕರಾವಳಿಯ ಕೊಂಕಣಿ ಕ್ಯಾಥೋಲಿಕರ ಮೊಂತಿ ಫೆಸ್ತ್, ಹೊಸ ತೆನೆಯ ಹಬ್ಬ. ಊಟ ಮುಗಿದು ಎಲ್ಲರ ಕಣ್ಣು ಎಳೆಯುತ್ತಿರುವ ಹೊತ್ತಿಗೆ ಮನೆಯ ಹುಡುಗರು ಮೊಬೈಲ್ ಹಿಡಿದು ನಿಲ್ಲುತ್ತಾರೆ: "ಒಬ್ಬೊಬ್ಬರೇ ಒಂದು ನೆನಪು ಹೇಳಿ, ದೇವರಿಗೆ ಥ್ಯಾಂಕ್ಸ್ ಹೇಳಿ." ಮುಖದೆದುರು ಕ್ಯಾಮೆರಾ ಹಿಡಿದರೆ ಯಾರ ಬಾಯಿಂದ ಏನು ಬಂದೀತು? ದೊಡ್ಡವರು "ದೇವರು ಆರೋಗ್ಯ ಕೊಟ್ಟಿದ್ದಾನೆ, ಸಾಕು" ಎಂದು ಮುಗಿಸುತ್ತಾರೆ. ಹೊಸದಾಗಿ ಬಂದ ಸೊಸೆ ತಲೆ ತಗ್ಗಿಸಿ ಕೂರುತ್ತಾಳೆ. ಪಾಪ, ಅವಳನ್ನು ಯಾಕೆ ಹಾಗೆ ಗೋಳು ಹೊಯ್ದುಕೊಳ್ಳುತ್ತೀರಿ?

ಮಾತು ಬರಬೇಕಾದದ್ದು ಊಟಕ್ಕೆ ಮೊದಲು, ಕೈಯಲ್ಲಿ ಕೆಲಸ ಇರುವಾಗ. ಆ ಕೆಲಸವನ್ನು ಹಬ್ಬವೇ ಕೊಟ್ಟಿದೆ: ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಆಶೀರ್ವದಿಸಿ ಕೊಟ್ಟ ಹೊಸ ಭತ್ತದ ತೆನೆ, ನಮ್ಮ ನೊವೆಂ. ಅದರ ಅಕ್ಕಿ ಬಿಡಿಸಿ, ಕುಟ್ಟಿ, ಹಾಲಿನಲ್ಲಿ ಕಲಸಿ ಮನೆಯವರೆಲ್ಲ ಒಂದೊಂದು ಚಮಚ ತೆಗೆದುಕೊಳ್ಳುತ್ತೇವೆ. ಅದನ್ನು ಸಿಪ್ಪೆ ಸಮೇತ ಮಿಕ್ಸಿಗೆ ಹಾಕುವವರನ್ನೂ ನೋಡಿದ್ದೇನೆ. ಗಂಟಲಿಗೆ ಚುಚ್ಚುವುದಿಲ್ಲವೇ?

ಇಗರ್ಜಿಯ ಬಲಿಪೂಜೆಯಿಂದ (ಮಾಸ್) ಬಂದ ಕೂಡಲೇ ತೆನೆಯನ್ನು ಅಲ್ತಾರಿನ, ಅಂದರೆ ಮನೆಯ ದೇವರ ಪೀಠದ, ಮುಂದಿಟ್ಟು ಮೇಣದಬತ್ತಿ ಹಚ್ಚಿ. (ಅಲ್ತಾರಿನ ಬಟ್ಟೆಗೆ ಮೇಣ ಬಿದ್ದರೆ ಉಗುರಿನಿಂದ ಕೆರೆಯಬೇಡಿ. ಮೇಲೆ ಕೆಳಗೆ ಅಕ್ಷರವಿಲ್ಲದ ಕಾಗದ ಇಟ್ಟು ಹದವಾದ ಬಿಸಿಯಲ್ಲಿ ಇಸ್ತ್ರಿ ಎಳೆದರೆ ಕಾಗದವೇ ಮೇಣ ಕುಡಿಯುತ್ತದೆ. ನ್ಯೂಸ್ ಪೇಪರ್ ಇಟ್ಟರೆ ಅದರ ಮಸಿ ಬಟ್ಟೆಗೆ ಹತ್ತೀತು.) ಒಂದು ತೆನೆ ಅಲ್ಲೇ ಇರಲಿ, ಉಳಿದದ್ದರಿಂದ ಕಾಳು ಉದುರಿಸಿ.

ಮಳೆಗಾಲದ ತೆನೆ, ಒಳಗೆ ಪಸೆ ಇರುತ್ತದೆ, ಸಿಪ್ಪೆ ಸುಲಭಕ್ಕೆ ಬಿಡುವುದಿಲ್ಲ. ಅನ್ನ ಬೇಯುವ ಪಾತ್ರೆಯ ಮುಚ್ಚಳದ ಮೇಲೆ ತೆಳು ಬಟ್ಟೆ ಹಾಸಿ ಕಾಳು ಹರಡಿ, ಮುಟ್ಟಿದರೆ ಬೆಚ್ಚಗೆ ಅನ್ನಿಸುವಷ್ಟು ಹೊತ್ತು ಬಿಡಿ. ಹುರಿಯಬಾರದು, ಹುರಿದರೆ ಹೊಸ ಅಕ್ಕಿಯ ಪರಿಮಳವೇ ಹೋಗುತ್ತದೆ. ಆಮೇಲೆ ಗೆರಸೆಯನ್ನು ಚಾವಡಿಯ ಮಧ್ಯಕ್ಕೆ ತನ್ನಿ. ಎಲ್ಲರೂ ಸುತ್ತ ಕೂರಬೇಕು, ಗಂಡಸರೂ. ಮಂಡಿನೋವು ಇದ್ದವರಿಗೆ ಕುರ್ಚಿ ಕೊಟ್ಟು ಮಡಿಲಿಗೆ ಬಟ್ಟಲು ಇಡಿ. ಪ್ರತಿಯೊಬ್ಬರ ಅಂಗೈಗೂ ಒಂದು ಚಿಟಿಕೆ ಕಾಳು, ಹೆಚ್ಚು ಬೇಡ. ಬುಡದಲ್ಲಿ ಉಗುರು ತಾಗಿಸಿ ಸಿಪ್ಪೆಯನ್ನು ಮೇಲಕ್ಕೆ ಎಬ್ಬಿಸಬೇಕು. ನಡುವಿಗೆ ಒತ್ತಿದರೆ ಅಕ್ಕಿ ಮುರಿಯುತ್ತದೆ. ಅವಸರದವರಿಗೆ ಬರುವ ಕೆಲಸವಲ್ಲ ಇದು, ಅದಕ್ಕೇ ಇದು ಬೇಕು.

ಈಗ ಮನೆಯ ಅತಿ ಚಿಕ್ಕ ಮಗು ಕೇಳಬೇಕು, "ಅಜ್ಜಿ, ಮೊದಲು ನಮ್ಮ ತೆನೆ ಯಾರ ಗದ್ದೆಯಿಂದ ಬರುತ್ತಿತ್ತು?" ಅಷ್ಟೇ. "ನೆನಪು ಹೇಳಿ" ಎಂದು ಯಾರೂ ಅನ್ನಬಾರದು. ನಮ್ಮ ಅತ್ತೆಗೆ ಹೀಗೆ ಕೇಳಿದರೆ ಸಾಕಿತ್ತು, ತಲೆ ಎತ್ತದೆ, ಕಾಳು ಬಿಡಿಸುತ್ತಲೇ ಶುರು ಮಾಡುತ್ತಿದ್ದರು. ಗೇಣಿ ಅಳೆದು ಕೊಟ್ಟ ಮೇಲೆ ಕಣಜದ ತಳ ಕಾಣುತ್ತಿದ್ದ ವರ್ಷಗಳು, 1974ರ ಭೂಸುಧಾರಣೆ ಕಾನೂನು ಬಂದ ಮೇಲೆ ಗೇಣಿಯ ಗದ್ದೆ ತಮಗೆ ಸಿಗಬೇಕೆಂದು ಮಾವ ಡಿಕ್ಲರೇಷನ್ ಕೊಟ್ಟದ್ದು, ಗದ್ದೆ ತಮ್ಮದಾದ ಮೇಲೆ ಮೊದಲ ಮೊಂತಿಗೆ ಮಾವ ಸ್ವಂತ ತೆನೆ ಹಿಡಿದು ಇಗರ್ಜಿಗೆ ನಡೆದದ್ದು. ಅತ್ತೆಯ ದನಿ ನಡುಗಿದರೆ ನಾವು ಮುಖ ನೋಡುತ್ತಿರಲಿಲ್ಲ, ನಮ್ಮ ನಮ್ಮ ಅಂಗೈ ನೋಡುತ್ತಿದ್ದೆವು. ಅವರಿಗೂ ಅದೇ ಹಿತವಾಗಿತ್ತು. ಮಧ್ಯೆ ಯಾರಾದರೂ ಆಸ್ತಿ ಪಾಲಿನ ಮಾತು ಎತ್ತಿದರೆ ಆ ಕ್ಷಣವೇ ತಡೆಯಿರಿ, ಅದಕ್ಕೆ ವರ್ಷದಲ್ಲಿ ಬೇರೆ ದಿನಗಳಿವೆ.

ಬಿಡಿಸಿದ ಅಕ್ಕಿಯನ್ನು ಕಲ್ಲಿನಲ್ಲಿ ನುಣ್ಣಗೆ ಕುಟ್ಟಿ. ಕೆಲವರ ಮನೆಯಲ್ಲಿ ದನದ ಹಾಲು, ನಮ್ಮಲ್ಲಿ ತೆಂಗಿನ ಹಾಲು ಮತ್ತು ಬೆಲ್ಲ. ಬೆಲ್ಲದ ನೀರು ಆರಿದ ಮೇಲೆ ದಪ್ಪ ಹಾಲು, ಕುಟ್ಟಿದ ಹುಡಿ ಸೇರಿಸಿ, ಕುದಿಸಬೇಡಿ, ಒಡೆಯುತ್ತದೆ. ಪ್ರಾರ್ಥನೆ ಮುಗಿದ ಮೇಲೆ ಮನೆಯ ಹಿರಿಯರು ಒಬ್ಬೊಬ್ಬರಿಗೂ ಒಂದೊಂದು ಚಮಚ ಕೊಡಲಿ. ಚಮಚ ತೆಗೆದುಕೊಳ್ಳುವವರು ಅದಕ್ಕೆ ಮೊದಲು ಒಬ್ಬರ ಹೆಸರು ಹಿಡಿದು ಒಂದು ಸಣ್ಣ ಉಪಕಾರ ನೆನೆಯಬೇಕು: "ಆಸ್ಪತ್ರೆಯಲ್ಲಿ ರಾತ್ರಿ ಕೂತದ್ದು ಬಾಪ್ಪು (ಚಿಕ್ಕಪ್ಪ)", "ಫೀಸಿಗೆ ಬಳೆ ಬಿಚ್ಚಿಕೊಟ್ಟದ್ದು ಮಾವ್ಶಿ (ಚಿಕ್ಕಮ್ಮ)". ತೀರಿಹೋದವರ ಹೆಸರೂ ಬರಲಿ. "ಎಲ್ಲರಿಗೂ ಥ್ಯಾಂಕ್ಸ್" ಎಂದವರಿಗೆ ಚಮಚ ಕೊಡಬೇಡಿ, ಯೋಚಿಸಿ ಬರಲಿ. ಆಮೇಲೆ ಕಿರಿಯರು ಕೈಮುಗಿದು ಹಿರಿಯರ ಬೆಸಾಂವ್ (ಆಶೀರ್ವಾದ) ಕೇಳಲಿ, ನಂತರ ಊಟಕ್ಕೆ ಬಾಳೆ ಎಲೆ ಹಾಕಿ. ಹರಿವೆ ದಂಟು, ಕೆಸು, ಹಾಗಲಕಾಯಿ ಎಲ್ಲ ನಿಮಗೆ ಗೊತ್ತಿದ್ದದ್ದೇ. ಪದಾರ್ಥದ ಲೆಕ್ಕ 5, 7 ಅಥವಾ 9 ಇರಲಿ, ಮೀನು ಮಾಂಸ ಬೇಡ.

ದೂರ ಇರುವ ಮಕ್ಕಳ ಪಾಲು ಮರೆಯಬೇಡಿ. ವಿಡಿಯೋ ಕಾಲಿನಲ್ಲಿ ಚಮಚ ತೋರಿಸಿದರೆ ಅವರ ಬಾಯಿಗೆ ಬೀಳುತ್ತದೆಯೇ? ಕುಟ್ಟಿದ ಹುಡಿಯಲ್ಲಿ ಸ್ವಲ್ಪ ಮೊದಲೇ ತೆಗೆದಿಟ್ಟು, ಒಲೆಯ ಪಕ್ಕದ ಶಾಖಕ್ಕೆ ಪೂರ್ತಿ ಒಣಗಿಸಿ, ಕಾಗದದಲ್ಲಿ ಮಡಚಿ, ಮೇಲೆ ಅವರ ಹೆಸರು ಬರೆಯಿರಿ. ಬೊಂಬಾಯಿಗೋ ದುಬಾಯಿಗೋ ಹೊರಡುವ ಮೊದಲ ನೆಂಟರ ಕೈಗೆ ಕೊಟ್ಟುಬಿಡಿ. ಪಸೆ ಉಳಿದರೆ ದಾರಿಯಲ್ಲೇ ಬೂಸಲು ಹಿಡಿಯುತ್ತದೆ.