ಬೇಕಿದ್ದದ್ದು ಅಗಲವಲ್ಲ, ಎತ್ತರ: ನನ್ನ ಬೈಕಿಗೆ ಟೈರ್ ಅಳತೆ ಹುಡುಕಿದ ಬಗೆ

ರಸ್ತೆಗೂ ಕಚ್ಚಾ ದಾರಿಗೂ ಸಲ್ಲುವ ನನ್ನ ಡ್ಯುಯಲ್ ಸ್ಪೋರ್ಟ್ ಬೈಕಿನ ಹಿಂದಿನ ಟ್ಯೂಬ್ ಒಂದೇ ತಿಂಗಳಲ್ಲಿ ಮೂರು ಸಲ ಹರಿಯಿತು. ಮೊಳೆ ಚುಚ್ಚಿ ಅಲ್ಲ. ಕಲ್ಲಿಗೂ ರಿಮ್‌ಗೂ ನಡುವೆ ಸಿಕ್ಕಿ, ಪ್ರತಿ ಸಲವೂ ಪಕ್ಕಪಕ್ಕದಲ್ಲಿ ಎರಡು ಸೀಳು. ದಪ್ಪ ಟೈರ್ ಹಾಕಿದರೆ ಈ ಕಾಟ ತಪ್ಪುತ್ತದೆ ಎಂದುಕೊಂಡು, ಬೈಕಿನೊಂದಿಗೆ ಬಂದಿದ್ದ 120/80-18 ತೆಗೆದು 140/80-18 ಬಟನ್ ಟೈರ್, ಅಂದರೆ ಮೈಮೇಲೆ ದಪ್ಪ ರಬ್ಬರ್ ಗುಬುಟುಗಳಿರುವ ಟೈರ್, ಹಾಕಿಸಿದೆ.

ಒಣ ನೆಲದಲ್ಲಿ ಅದು ಚೆನ್ನಾಗಿಯೇ ಹಿಡಿತ ಕೊಟ್ಟಿತು. ಆದರೆ ಜೇಡಿಮಣ್ಣಿಗೆ ಇಳಿದ ದಿನ ಹಿಂದಿನ ಚಕ್ರ ತಿರುಗುವುದೇ ನಿಂತುಹೋಯಿತು. ಟೈರಿಗೂ ಸ್ವಿಂಗ್ ಆರ್ಮ್‌ಗೂ (ಹಿಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ತೋಳಿಗೂ) ನಡುವೆ ಮಣ್ಣು ಇಟ್ಟಿಗೆಯಂತೆ ಬಿಗಿದಿತ್ತು. ಕಡ್ಡಿಯಿಂದ ಕೆರೆದು ತೆಗೆದಾಗ, ಸ್ವಿಂಗ್ ಆರ್ಮ್‌ನ ಒಳಬದಿಯ ಬಣ್ಣ ಅಂಗೈಯಗಲ ಉಜ್ಜಿಹೋಗಿ ಲೋಹ ಹೊಳೆಯುತ್ತಿತ್ತು. ಚೈನ್ ಇರುವ ಕಡೆ ನನ್ನ ಕಿರುಬೆರಳೂ ತೂರುತ್ತಿರಲಿಲ್ಲ.

ಆ ಸಂಜೆ ಕಾಗದ ಹಿಡಿದು ಕೂತೆ. ಅಳತೆಯ ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ. ಎರಡನೆಯದು ಟೈರಿನ ಗೋಡೆಯ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ. ಮೂರನೆಯದು ರಿಮ್‌ನ ವ್ಯಾಸ, ಇಂಚಿನಲ್ಲಿ. 120/80ರ ಗೋಡೆ 96 ಮಿ.ಮೀ., 140/80ರದ್ದು 112. ಟ್ಯೂಬನ್ನು ಕಲ್ಲಿನಿಂದ ಕಾಯುವುದು ಈ 16 ಮಿ.ಮೀ. ಎತ್ತರ, ಮಣ್ಣು ಸಿಲುಕಿಸಿದ್ದು ಜೊತೆಗೆ ಬಂದ 20 ಮಿ.ಮೀ. ಅಗಲ. 120/90 ಹಾಕಿದರೆ ಗೋಡೆ 108 ಆಗುತ್ತದೆ, ಅಗಲ ಇದ್ದಷ್ಟೇ ಇರುತ್ತದೆ. ನನ್ನ ಹಿಂದಿನ ರಿಮ್‌ನ ಅಗಲವೂ 2.15 ಇಂಚು ಮಾತ್ರ. ರಿಮ್ ಕಿರಿದಾದರೆ ಅಗಲ ಟೈರಿನ ಬುಡ ಒತ್ತಿಕೊಂಡು ಮೈ ಉರುಟಾಗುತ್ತದೆ, ಅಂಚಿನ ಬಟನ್‌ಗಳು ನೆಲಕ್ಕೆ ಸರಿಯಾಗಿ ತಾಗುವುದಿಲ್ಲ. ಯಾವ ಟೈರಿಗೆ ಯಾವ ರಿಮ್ ಎಂಬ ಪಟ್ಟಿಯನ್ನು ತಯಾರಕರೇ ಕೊಡುತ್ತಾರೆ. ನಾನು ಅದನ್ನು ಮೊದಲೇ ನೋಡಬೇಕಿತ್ತು.

ಹೀಗೆ 120/90-18 ಬಂತು. ಕೂರಿಸಿದ ಮೇಲೆ ಶಾಕ್ ಅಬ್ಸಾರ್ಬರ್ ಕಳಚಿ, ಚಕ್ರವನ್ನು ಕೈಯಿಂದ ಪೂರ್ತಿ ಮೇಲೆತ್ತಿ, ಮಡ್‌ಗಾರ್ಡಿಗೆ ತಾಗುತ್ತದೆಯೇ ಎಂದು ನೋಡಿದೆ. ಎತ್ತರದ ಟೈರ್ ಹಾಕುವವರು ಈ ಪರೀಕ್ಷೆಯನ್ನು ಬಿಡಬಾರದು. ಬೈಕು ಸ್ಟ್ಯಾಂಡಿನ ಮೇಲಿರುವಾಗ ಎಲ್ಲ ಟೈರುಗಳಿಗೂ ಜಾಗ ಇದ್ದೇ ಇರುತ್ತದೆ.

ಚಕ್ರದ ವ್ಯಾಸ 649ರಿಂದ 673 ಮಿ.ಮೀ.ಗೆ ಏರಿತು, ಅಂದರೆ ಶೇ. 3.7ರಷ್ಟು. ಗೇರ್ ಅಷ್ಟರ ಮಟ್ಟಿಗೆ ಭಾರವಾಗಿ, ಕಡಿದಾದ ಏರಿನಲ್ಲಿ ಮೊದಲ ಗೇರಿನಲ್ಲೇ ಎಂಜಿನ್ ಉಸಿರುಗಟ್ಟುತ್ತಿತ್ತು. ಗೇರ್ ಮತ್ತೆ ಹಗುರವಾಗಲೆಂದು, ಚೈನ್ ಸುತ್ತುವ ಹಿಂದಿನ ಹಲ್ಲುಗಾಲಿ (ಸ್ಪ್ರಾಕೆಟ್) 45 ಹಲ್ಲಿನದು ತೆಗೆದು 47ರದ್ದು ಹಾಕಿದೆ. ಅದೇ ಚೈನ್ ಉಳಿಸಿಕೊಂಡರೆ ಚಕ್ರ ಮುಂದಕ್ಕೆ ಸರಿದು ಸ್ವಿಂಗ್ ಆರ್ಮ್‌ಗೆ ಹತ್ತಿರವಾಗುತ್ತದೆ. ಆದ್ದರಿಂದ ಎರಡು ಕೊಂಡಿ ಹೆಚ್ಚಿರುವ ಚೈನ್ ತಂದೆ.

ಹಿಂಭಾಗ ಎತ್ತರವಾದಷ್ಟೂ ಹ್ಯಾಂಡಲ್ ಚುರುಕಾಗುತ್ತದೆ. ಮರಳಿನಲ್ಲಿ ಅದು ಒಳ್ಳೆಯದಲ್ಲ, ಮುಂದಿನ ಚಕ್ರ ಅತ್ತಿತ್ತ ಅಲೆಯುತ್ತದೆ. ಅದಕ್ಕಾಗಿ ಮುಂದೆ 80/90-21ರ ಬದಲು 80/100-21 ಹಾಕಿದೆ. ಹಿಂದೆ 12 ಮಿ.ಮೀ., ಮುಂದೆ 8 ಮಿ.ಮೀ. ಏರಿ ಬೈಕಿನ ನಿಲುವು ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿಯಿತು. ಈ ಅಳತೆಯ ಹಲವು ಟೈರುಗಳು ಮಣ್ಣಿನ ಅಂಕಣದ ಬೈಕ್ ರೇಸಾದ ಮೋಟೊಕ್ರಾಸ್‌ಗೆಂದೇ ಮಾಡಿದವು. ಗೋಡೆಯ ಮೇಲೆ 'ಎನ್‌ಎಚ್‌ಎಸ್' ಎಂಬ ಅಕ್ಷರಗಳಿದ್ದರೆ ಅದು ಡಾಂಬರು ರಸ್ತೆಗಲ್ಲ. ಅಂಥವನ್ನು ಬಿಟ್ಟು ರಸ್ತೆಗೂ ಸಲ್ಲುವುದನ್ನೇ ಹುಡುಕಿ ತಂದೆ.

ಕಳೆದ ವಾರ ಹಿಂದಿನ ಟೈರ್ ಬಿಚ್ಚಿದಾಗ ಟ್ಯೂಬಿನಲ್ಲಿ ಒಂದು ಸೀಳೂ ಇರಲಿಲ್ಲ. ಆದರೆ ರಿಮ್‌ನ ಅಂಚಿನಲ್ಲಿ ಉಗುರಿನಷ್ಟು ಹೊಸ ತಗ್ಗು ಬಿದ್ದಿತ್ತು. 15 ಇರುತ್ತಿದ್ದ ಗಾಳಿಯನ್ನು ಕಲ್ಲಿನ ದಾರಿಗೆ 18 ಪಿಎಸ್‌ಐಗೆ ಏರಿಸಿಕೊಂಡಿದ್ದೇನೆ.