ಎಸಿ ನಾವೇ ತಂದೆವು, ಬಿಸಿನೀರನ್ನು ಕಾಂಟ್ರಾಕ್ಟರ್‌ಗೆ ಬಿಟ್ಟೆವು

ಮನೆ ಬೆಚ್ಚಗಿಡುವ ಕೆಲಸ ಪೂರ್ತಿ ಕಾಂಟ್ರಾಕ್ಟರ್‌ಗೆ ಕೊಡುವುದಾ, ಸಾಮಾನು ನಾವೇ ತಂದು ಫಿಟ್ಟಿಂಗ್ ಮಾತ್ರ ಮಾಡಿಸುವುದಾ? ನಮ್ಮ ಮನೆಗೆ ಬಂದ ನೆಂಟರು, ಹೋಂಸ್ಟೇ ಶುರು ಮಾಡುವ ಗೆಳೆಯರು ಇದನ್ನೇ ಕೇಳುತ್ತಾರೆ. ನಾನು ಎರಡೂ ರೀತಿ ಮಾಡಿಸಿದ್ದೇನೆ. ಹಣದ ಲೆಕ್ಕ ಆಮೇಲೆ. ಆಷಾಢದ ಮಳೆಯಲ್ಲಿ ಮೆಷಿನ್ ನಿಂತರೆ ಈ ಗುಡ್ಡ ಹತ್ತಿ ಯಾರು ಬರುತ್ತಾರೆ? ಕೊಡಗಿನಲ್ಲಿ ಮೊದಲು ಕೇಳಬೇಕಾದ್ದು ಇದನ್ನು.

ನಮ್ಮದು ಮಡಿಕೇರಿ ಹತ್ತಿರದ ಗಾಳಿಬೀಡು ಕಡೆ. ಹಳೇ ಹೆಂಚಿನ ಮನೆ, ಪಕ್ಕದಲ್ಲಿ ಹೋಂಸ್ಟೇಗೆ ಎರಡು ರೂಮು. ಚಳಿಗಾಲದ ಬೆಳಗ್ಗೆ 10-12 ಡಿಗ್ರಿ ಇರುತ್ತದೆ. ಅದನ್ನಾದರೂ ಕಂಬಳಿ ಹೊದ್ದು ಕಳೆಯಬಹುದು. ಜಾಸ್ತಿ ಕಾಡುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿ. ಗೋಡೆ ಬೆವರುತ್ತದೆ, ಹಾಸಿಗೆ ತಣ್ಣಗೆ ಒದ್ದೆ ಅನ್ನಿಸುತ್ತದೆ, ಬೀರುವಿನ ಬಟ್ಟೆಗೆ ಬೂಸ್ಟು ಹಿಡಿಯುತ್ತದೆ. ಅವ್ವನಿಗೆ ಮಂಡಿನೋವು ಏಳುವುದೂ ಆಗಲೇ. ಗುಡ್ಡ ಇಳಿದು ಕುಶಾಲನಗರಕ್ಕೆ ಹೋದರೆ ಅಲ್ಲಿ ಏಪ್ರಿಲ್‌ನ ಸೆಕೆಗೆ ಎಸಿ ಬೇಕು. ನಮಗೆ ಬೇಕಿರುವುದು ಒಣ ಗಾಳಿ, ಬೆಚ್ಚನೆ ರೂಮು, ಮಳೆಗಾಲದಲ್ಲೂ ಬಿಸಿನೀರು. ಅಂಗಡಿಯಲ್ಲಿ ಎಸಿ ಅಂದ ಕೂಡಲೇ ತೋರಿಸುವುದು ತಂಪು ಮಾತ್ರ ಕೊಡುವ ಮಾಡೆಲ್‌ಗಳನ್ನು. ಹಾಗಾಗಿ ಏನು ಬೇಕು ಅನ್ನುವುದನ್ನು ಮನೆಯಲ್ಲೇ ಕೂತು ಬರೆದುಕೊಂಡು ಹೋಗಬೇಕು.

ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಮತ್ತು ರೂಮು ಬಿಸಿ ಮಾಡುವ ಆಯಿಲ್ ಹೀಟರನ್ನು ನೇರವಾಗಿ ತರಿಸಿಕೊಂಡೆ. ಇದಕ್ಕೆ ಕಾಂಟ್ರಾಕ್ಟರ್ ಯಾಕೆ? ಪ್ಲಗ್ ಹಾಕಿದರೆ ಓಡುತ್ತದೆ, ಕೆಟ್ಟರೆ ಕಾರಿನಲ್ಲಿಟ್ಟುಕೊಂಡು ಮೈಸೂರಿಗೆ ಒಯ್ಯಬಹುದು. ಹೀಟರ್ 2000 ವ್ಯಾಟ್‌ಗಿಂತ ಜಾಸ್ತಿ ಎಳೆಯುತ್ತದೆ, ಅದಕ್ಕೆ ದೊಡ್ಡ ಪಿನ್ನಿನ ಪಾಯಿಂಟೇ ಬೇಕು ಅನ್ನುವುದೊಂದು ನೆನಪಿರಲಿ. ನಿಜವಾಗಿ ಕೆಲಸಕ್ಕೆ ಬಂದದ್ದು ಡಿಹ್ಯುಮಿಡಿಫೈಯರ್. ಕಂಪ್ರೆಸರ್ ಇರುವ ಡಿಹ್ಯುಮಿಡಿಫೈಯರ್ ಗಾಳಿಯ ತೇವವನ್ನು ನೀರಾಗಿ ಹಿಡಿಯುವಾಗ ಆ ತೇವದಲ್ಲಿದ್ದ ಶಾಖವನ್ನು ರೂಮಿಗೇ ಬಿಡುತ್ತದೆ. ಒಂದು ಲೀಟರ್ ನೀರು ಹಿಡಿದರೆ ಸುಮಾರು 0.68 ಯೂನಿಟ್ ಕರೆಂಟಿನಷ್ಟು ಶಾಖ. ಮೋಟಾರಿನ ಬಿಸಿ ಬೇರೆ. ಸೆಕೆಯ ಊರಿನವರಿಗೆ ಇದು ತೊಂದರೆ, ಮಡಿಕೇರಿಯ ಜುಲೈಗೆ ಇದೇ ಬೇಕಾದ್ದು. ಎಸಿಯಲ್ಲೇ ತೇವ ತೆಗೆಯುವ ಡ್ರೈ ಮೋಡ್ ಸಾಕಲ್ವಾ ಅಂತ ಕೇಳುತ್ತಾರೆ. ರೂಮು ಆಗಲೇ 20 ಡಿಗ್ರಿಯ ಹತ್ತಿರ ಇದ್ದರೆ ಡ್ರೈ ಮೋಡ್‌ನಲ್ಲಿ ಕಂಪ್ರೆಸರ್ ಹೆಚ್ಚು ಹೊತ್ತು ಓಡುವುದಿಲ್ಲ, ಓಡಿದರೆ ರೂಮು ಇನ್ನಷ್ಟು ತಣ್ಣಗಾಗುತ್ತದೆ.

ಎಸಿ ವಿಷಯಕ್ಕೆ ಮೊದಲು ಕಾಂಟ್ರಾಕ್ಟರ್ ಒಬ್ಬರನ್ನು ಕರೆಸಿದೆ. ಅವರ ಕೊಟೇಶನ್‌ನಲ್ಲಿ ಒಂದೇ ಸಾಲು: ‘ಒಂದೂವರೆ ಟನ್ ಎಸಿ, ಫಿಟ್ಟಿಂಗ್ ಸೇರಿ’, ಮುಂದೆ ಒಟ್ಟು ಮೊತ್ತ. ಮಾಡೆಲ್ ನಂಬರ್ ಬರೆದುಕೊಡಿ ಅಂದೆ. ನೋಡಿದರೆ ಅದು ತಂಪು ಮಾತ್ರ ಕೊಡುವ ಎಸಿ. ಗಾಳಿಬೀಡಿನಲ್ಲಿ ಅದನ್ನು ಕಟ್ಟಿಕೊಂಡು ಏನು ಮಾಡಲಿ? ಕಾಂಟ್ರಾಕ್ಟರ್ ಬೇಕೋ ಬೇಡವೋ ಆಮೇಲಿನ ಮಾತು, ಮಾಡೆಲ್ ನಂಬರ್ ಇಲ್ಲದ ಕೊಟೇಶನ್‌ಗೆ ಒಂದು ರೂಪಾಯಿಯನ್ನೂ ಅಡ್ವಾನ್ಸ್ ಕೊಡಬೇಡಿ.

ಟನ್ ಲೆಕ್ಕವನ್ನೂ ಸುಮ್ನೆ ಒಪ್ಪಿಕೊಳ್ಳಬಾರದು. ಒಂದು ಟನ್ ಅಂದರೆ ಸುಮಾರು 3.5 ಕಿಲೋವ್ಯಾಟ್. ನಮ್ಮ ರೂಮು 12 ಅಡಿಗೆ 14 ಅಡಿ. ಹೆಂಚಿನ ಕೆಳಗೆ ಏನೂ ಇಲ್ಲದಿದ್ದರೆ ಎಷ್ಟು ಟನ್ ಹಾಕಿದರೂ ಬಿಸಿ ಗಾಳಿ ಮೇಲೇರಿ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ. ನಾವು ಮೊದಲು ಮರದ ಅಟ್ಟ ಹೊಡೆಸಿದೆವು, ಕಿಟಕಿಯ ಸಂದಿಗಳನ್ನು ಮುಚ್ಚಿಸಿದೆವು. ಆಮೇಲೆ ಒಂದು ಟನ್ನೇ ಬೇಕಾದಷ್ಟಾಯಿತು. ದೊಡ್ಡ ಮೆಷಿನ್ ಬೇಗ ಬಿಸಿ ಮಾಡಿ ನಿಲ್ಲುತ್ತದೆ, ಮತ್ತೆ ಏಳುತ್ತದೆ, ಮತ್ತೆ ನಿಲ್ಲುತ್ತದೆ. ಚಿಕ್ಕದು ಒಂದೇ ಹದದಲ್ಲಿ ಓಡುತ್ತದೆ.

ಹಾಗಾಗಿ ಬಿಸಿಯನ್ನೂ ಕೊಡುವ, ಬೇಕಾದಷ್ಟೇ ವೇಗದಲ್ಲಿ ಓಡುವ ಹಾಟ್ ಆ್ಯಂಡ್ ಕೋಲ್ಡ್ ಇನ್ವರ್ಟರ್ ಎಸಿಗಳನ್ನು ನಾನೇ ಕೊಂಡೆ. ಕಾಂಟ್ರಾಕ್ಟರ್ ಹೇಳಿದ್ದಕ್ಕಿಂತ ಗಣನೀಯವಾಗಿ ಕಮ್ಮಿಗೆ ಸಿಕ್ಕಿತು. ಬಿಲ್ ನಮ್ಮ ಹೆಸರಿಗೇ ಆದ್ದರಿಂದ ವಾರಂಟಿಗೆ ಯಾರ ಹಿಂದೆಯೂ ಓಡಬೇಕಿಲ್ಲ. 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಕೊಟೇಶನ್‌ನಲ್ಲಿ ತೆರಿಗೆಯನ್ನು ಬೇರೆಯಾಗಿ ಬರೆಸಿ ನೋಡಿ. ಸ್ಟಾರ್ ಲೇಬಲ್ ನೋಡುವಾಗ ಅದರ ಅವಧಿಯನ್ನೂ ಓದಬೇಕು. 2022ರ ಜುಲೈನಲ್ಲಿ ಲೆಕ್ಕ ಬಿಗಿಯಾದಾಗ ಹಳೇ 5 ಸ್ಟಾರ್ 4ಕ್ಕೆ ಇಳಿದಿತ್ತು. ಇನ್ನೊಂದು ವಿಷಯ ಅಂಗಡಿಯವರೂ ಹೇಳುವುದಿಲ್ಲ. ಆ ಸ್ಟಾರ್ ಕೊಡುವುದು ತಂಪು ಮಾಡುವ ಕೆಲಸಕ್ಕೆ ಮಾತ್ರ. ಬಿಸಿ ಮಾಡುವುದರಲ್ಲಿ ಅದು ಹೇಗೆ ಅಂತ ತಿಳಿಯಲು ಕಂಪನಿಯ ಪಟ್ಟಿಯಲ್ಲಿ ಹೀಟಿಂಗ್ ಸಾಮರ್ಥ್ಯ ಎಷ್ಟು ವ್ಯಾಟ್, ಆಗ ಎಳೆಯುವ ಕರೆಂಟು ಎಷ್ಟು ವ್ಯಾಟ್ ಅಂತ ಹುಡುಕಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ಮೂರೂವರೆಯ ಮೇಲೆ ಬಂದರೆ ಒಳ್ಳೆಯದು.

ಈಗ ಫಿಟ್ಟಿಂಗ್. ನೇರವಾಗಿ ಕೊಂಡವರು ಸೋಲುವುದು ಇಲ್ಲೇ. ಕೊಂಡಾಗ ಸಿಕ್ಕ ಫಿಟ್ಟಿಂಗ್‌ಗೆ ಹುಡುಗನೊಬ್ಬ ಬಂದ. ಚುರುಕು, ಮಾತೂ ಒಳ್ಳೆಯದು. ಗೋಡೆ ಕೊರೆದ, ಪೈಪ್ ಜೋಡಿಸಿದ. ಪೈಪಿನೊಳಗಿನ ಗಾಳಿ ಎಳೆದು ಹೊರಹಾಕುವ ವ್ಯಾಕ್ಯೂಮ್ ಪಂಪ್ ಎಲ್ಲಿ ಅಂದೆ.

“ಪೈಪ್ ಚಿಕ್ಕದು ಅಣ್ಣ. ಮೆಷಿನ್ನಿನ ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿ ಓಡಿಸಿದ್ರೆ ಆಯ್ತು. ಎಲ್ಲರ ಮನೇಲೂ ಹೀಗೇ ಮಾಡೋದು.”

“ಹೊರಗೆ ಮಂಜು ನೋಡು. ಪೈಪಿನೊಳಗೂ ಅದೇ ಗಾಳಿ ಅಲ್ವಾ? ಪಂಪ್ ತಂದ ಮೇಲೇ ವಾಲ್ವ್ ತೆಗಿ, ನಾನು ಕಾಯ್ತೇನೆ.”

ಮರುದಿನ ಪಂಪ್ ತಂದ. ಗ್ಯಾಸ್ ಬಿಟ್ಟರೆ ಗಾಳಿ ಹೋಗಬಹುದು, ಪೈಪಿನ ಒಳಮೈಗೆ ಅಂಟಿದ ತೇವ ಹೋಗುವುದಿಲ್ಲ. ಕಂಪ್ರೆಸರಿನ ಎಣ್ಣೆ ಆ ತೇವವನ್ನು ಹೀರಿಕೊಂಡು ಆಮ್ಲವಾಗುತ್ತದೆ, ಕಂಪ್ರೆಸರನ್ನು ಒಳಗಿನಿಂದಲೇ ತಿನ್ನುತ್ತದೆ. ಪಂಪ್ ಒತ್ತಡವನ್ನು ಎಷ್ಟು ಇಳಿಸುತ್ತದೆ ಅಂದರೆ 20 ಡಿಗ್ರಿಯಲ್ಲೇ ನೀರು ಕುದಿದು ಆವಿಯಾಗಿ ಹೊರಬರುತ್ತದೆ. ಒತ್ತಡ ತೋರಿಸುವ ಡಿಜಿಟಲ್ ಗೇಜ್ 500 ಮೈಕ್ರಾನ್‌ಗಿಂತ ಕೆಳಗೆ ಹೋಗಬೇಕು. ಆಮೇಲೆ ಪಂಪ್ ನಿಲ್ಲಿಸಿ ಸ್ವಲ್ಪ ಹೊತ್ತು ಗೇಜನ್ನೇ ನೋಡುತ್ತ ಕೂರಬೇಕು. ಅಂಕಿ ಮೇಲೇರುತ್ತಲೇ ಹೋದರೆ ಎಲ್ಲೋ ಲೀಕ್ ಇದೆ ಅಥವಾ ಒಳಗೆ ಇನ್ನೂ ನೀರಿದೆ. ಅವ್ವನ ರೂಮಿನಲ್ಲಿ ಅಂಕಿ ಏರಿತು. ಪೈಪ್ ಜೋಡಿಸುವ ಫ್ಲೇರ್ ನಟ್ ಬಿಚ್ಚಿ ನೋಡಿದರೆ ಪೈಪಿನ ತುದಿಯ ಅಗಲಿಸಿದ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು. ತುದಿ ಕತ್ತರಿಸಿ ಹೊಸದಾಗಿ ಫ್ಲೇರ್ ಮಾಡಿದ. ಈ ಸಲ ಅಂಕಿ ಅಲ್ಲಾಡಲಿಲ್ಲ. ಪಂಪ್ ಇಲ್ಲದಿದ್ದರೆ ಆ ಸೀಳಿನಿಂದ ಗ್ಯಾಸ್ ಮೆಲ್ಲಗೆ ಸೋರಿ, ಮುಂದಿನ ಚಳಿಗೆ ಅವ್ವನ ರೂಮು ಬೆಚ್ಚಗೇ ಆಗುತ್ತಿರಲಿಲ್ಲ. ಆ ಹುಡುಗನ ಕೈಗೆ ಬೇರೆಯಾಗಿ ದುಡ್ಡು ಕೊಟ್ಟೆ. ಅದು ಅವನಿಗೆ ಸಲ್ಲಬೇಕಾದದ್ದೇ.

ಕೊಡಗಿನವರು ಗಮನಿಸಬೇಕಾದ್ದು ಇನ್ನೊಂದಿದೆ. ತಂಪು ಮಾಡುವಾಗ ನೀರು ಒಳಗಿನ ಯೂನಿಟ್‌ನಿಂದ ಬರುತ್ತದೆ. ಬಿಸಿ ಮಾಡುವಾಗ ಹೊರಗಿನ ಯೂನಿಟ್‌ನಿಂದ ಬರುತ್ತದೆ. ತಂಪಿನ ಎಸಿ ಮಾತ್ರ ಹಾಕಿ ಅಭ್ಯಾಸ ಆದವರು ಹೊರಗಿನ ಯೂನಿಟ್‌ಗೆ ಡ್ರೈನ್ ಪೈಪ್ ಕೊಡುವುದೇ ಇಲ್ಲ. ಡಬ್ಬದೊಳಗೆ ಬರುವ ಪುಟ್ಟ ಎಲ್ಬೋವನ್ನು (ಬಾಗಿದ ಪೈಪ್ ತುಂಡು) ಕಸದ ಜೊತೆ ಎಸೆಯುತ್ತಾರೆ. ಅದನ್ನು ಯೂನಿಟ್ಟಿನ ತಳದ ತೂತಿಗೆ ಹಾಕಿಸಿ ಪೈಪ್ ಕೊಡಿಸಿ. ಇಲ್ಲದಿದ್ದರೆ ಜನವರಿಯ ರಾತ್ರಿಯಿಡೀ ಜಗಲಿಯ ಮೇಲೆ ನೀರು ತೊಟ್ಟಿಕ್ಕುತ್ತದೆ. ಕಾಪರ್ ಪೈಪಿನ ಕಪ್ಪು ಸ್ಪಂಜನ್ನು ಇಲಿ ಕಡಿಯುತ್ತದೆ, ಹೊರಗಿನ ಭಾಗವನ್ನು ಪಿವಿಸಿ ಪೈಪಿನೊಳಗೆ ಹಾಕಿಸಿದರೆ ನಿಶ್ಚಿಂತೆ.

ಬಿಸಿನೀರಿನ ವಿಷಯದಲ್ಲಿ ಉಲ್ಟಾ ಮಾಡಿದೆ. ಬಚ್ಚಲಿನಲ್ಲಿ ಹಂಡೆ ಒಲೆ ಈಗಲೂ ಇದೆ, ಕಾಫಿ ಸೌದೆಯೂ ಇದೆ. ಅತಿಥಿಗಳು ಬೆಳಗ್ಗೆ ಆರಕ್ಕೆ ನಲ್ಲಿ ತಿರುಗಿಸಿದರೆ ಬಿಸಿನೀರು ಬರಬೇಕಲ್ಲ. ಸೋಲಾರ್ ಮಳೆಗಾಲಕ್ಕೆ ಕೈಕೊಡುತ್ತದೆ. 300 ಲೀಟರ್ ನೀರನ್ನು 35 ಡಿಗ್ರಿ ಏರಿಸಲು ಕಾಯಿಲ್ ಗೀಸರ್‌ಗೆ 12 ಯೂನಿಟ್‌ಗಿಂತ ಜಾಸ್ತಿ ಬೇಕು. ಹೀಟ್ ಪಂಪ್ ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುವುದರಿಂದ ಅದೇ ಕೆಲಸಕ್ಕೆ ಸುಮಾರು 4 ಯೂನಿಟ್. ಗಾಳಿ ತಣ್ಣಗಿದ್ದಷ್ಟೂ ಈ ಉಳಿತಾಯ ಕಮ್ಮಿ. ನಾವು ಹಾಕಿಸಿದ್ದು ಹೀಟ್ ಪಂಪನ್ನೇ, ಹಾಗಾಗಿ ಟೈಮರ್ ಇಟ್ಟು ಮಧ್ಯಾಹ್ನ ಓಡಿಸುತ್ತೇವೆ. ಟ್ಯಾಂಕಿಗೆ ಒಳ್ಳೆಯ ಇನ್ಸುಲೇಶನ್ ಇದೆ, ಬೆಳಗ್ಗೆವರೆಗೂ ನೀರು ಬಿಸಿ ಇರುತ್ತದೆ.

ಮೆಷಿನ್ ಮಾತ್ರ ನೇರವಾಗಿ ತಂದಿದ್ದರೆ ಇಲ್ಲೂ ದುಡ್ಡು ಉಳಿಯುತ್ತಿತ್ತು. ಆದರೆ ಹಳೇ ಸೋಲಾರ್ ಲೈನು, ಪ್ರೆಶರ್ ಪಂಪು, ಹೊಸ ಟ್ಯಾಂಕು, ಬೇರೆ ಎಂಸಿಬಿ, ಅರ್ತಿಂಗ್ ಎಲ್ಲ ಒಂದಕ್ಕೊಂದು ಸೇರಬೇಕು. ನೀರು ಬಿಸಿಯಾಗದಿದ್ದರೆ ಮಾರಿದವರು ಪ್ಲಂಬರ್‌ನ ಕಡೆ ಕೈ ತೋರಿಸುತ್ತಾರೆ, ಪ್ಲಂಬರ್ ಎಲೆಕ್ಟ್ರಿಷಿಯನ್ ಕಡೆ ತೋರಿಸುತ್ತಾನೆ. ನಡುವೆ ಅತಿಥಿ ತಣ್ಣೀರಿನಲ್ಲಿ ನಿಂತಿರುತ್ತಾನೆ. ಆ ಜಾಸ್ತಿ ಹಣ ಒಬ್ಬರೇ ಹೊಣೆ ಹೊರುವುದಕ್ಕೆ ಅಂತ ಮನಸ್ಸಿನಿಂದಲೇ ಕೊಟ್ಟೆ. ಆರಿಸಿದ್ದು ಮಡಿಕೇರಿಯಲ್ಲೇ ಇರುವ, ಎರಡು ರೆಸಾರ್ಟ್‌ಗಳಿಗೆ ಇದೇ ಕೆಲಸ ಮಾಡಿದ್ದ ಕಾಂಟ್ರಾಕ್ಟರನ್ನು. ಆ ರೆಸಾರ್ಟ್‌ಗಳ ಮ್ಯಾನೇಜರ್‌ಗಳಿಗೆ ಫೋನ್ ಮಾಡಿ, ಮಳೆಗಾಲದಲ್ಲಿ ಕರೆದರೆ ಬರ್ತಾರಾ ಅಂತ ಮೊದಲೇ ಕೇಳಿದ್ದೆ.

ಒಪ್ಪಂದವನ್ನು ಕಾಗದದಲ್ಲಿ ಬರೆಸಿದೆವು. ಮಾಡೆಲ್ ನಂಬರ್, ಪೈಪ್ ಯಾವುದು, ಇನ್ಸುಲೇಶನ್ ಎಲ್ಲಿವರೆಗೆ, ಅರ್ತಿಂಗ್ ಯಾರದು, ಎಲ್ಲವೂ. ನಮ್ಮ ಬಾವಿ ನೀರಿನ ಪಿಎಚ್ 6ರ ಆಸುಪಾಸು, ಅಂದರೆ ಸ್ವಲ್ಪ ಹುಳಿ. ಅದು ಟ್ಯಾಂಕನ್ನು ತಿನ್ನುತ್ತದೆ. ಹಾಗಾಗಿ ಟ್ಯಾಂಕಿನ ಬದಲು ತಾನು ಸವೆಯುವ ಆನೋಡ್ ರಾಡನ್ನು ವರ್ಷಕ್ಕೊಮ್ಮೆ ತೆಗೆದು ನೋಡಬೇಕು ಅಂತಲೂ ಸೇರಿಸಿದೆವು. ಹತ್ತರಲ್ಲಿ ಒಂದು ಪಾಲು ಹಣ ಮಳೆಗಾಲ ಕಳೆದ ಮೇಲೆ ಅಂತ ಬರೆದೆ. ಅವರು ಸ್ವಲ್ಪ ಯೋಚಿಸಿ ಒಪ್ಪಿದರು. ಜುಲೈನಲ್ಲಿ ಜೋರು ಗಾಳಿಮಳೆಗೆ ನೀರು ಎರಚಿ ಎಂಸಿಬಿ ಟ್ರಿಪ್ ಆಗತೊಡಗಿತು. ಫೋನ್ ಮಾಡಿದೆ. ಮಳೆ ಸ್ವಲ್ಪ ಬಿಟ್ಟ ಕೂಡಲೇ ಜೀಪಿನಲ್ಲಿ ಬಂದು ಸ್ವಿಚ್ ಬಾಕ್ಸನ್ನು ಒಳಗಿನ ಗೋಡೆಗೆ ಬದಲಿಸಿದರು, ಹೆಚ್ಚು ಹಣ ಕೇಳಲಿಲ್ಲ. ಸೆಪ್ಟೆಂಬರ್‌ನ ಕೈಲ್ ಪೊಳ್ದ್ ಹಬ್ಬ ಮುಗಿದು ಮಳೆ ಇಳಿದಾಗ ಉಳಿದದ್ದನ್ನು ಕೊಟ್ಟೆ.

ಈಗ ಎಸಿಗಳ ಸರ್ವಿಸನ್ನೂ ಅವರಿಗೇ ಕೊಟ್ಟಿದ್ದೇನೆ, ನಾನೇ ಕೊಂಡದ್ದು ಅಂತ ಅವರು ಮುಖ ತಿರುಗಿಸಲಿಲ್ಲ. ಏಪ್ರಿಲ್ ಕೊನೆಗೋ ಮೇ ಮೊದಲ ವಾರಕ್ಕೋ ಕರೆಸಿಬಿಡುತ್ತೇನೆ. ಮಳೆ ಹಿಡಿದ ಮೇಲೆ ಇಡೀ ಮಡಿಕೇರಿ ಅವರಿಗೇ ಫೋನ್ ಮಾಡುತ್ತಿರುತ್ತದೆ.