ತಿಂಗಳ ಲೆಕ್ಕ ಬಿಟ್ಟು ವರ್ಷದ ಲೆಕ್ಕ ಹಿಡಿದದ್ದು

2020ರ ಏಪ್ರಿಲ್‌ನಲ್ಲಿ ಸಂಬಳ ಅರ್ಧಕ್ಕೆ ಇಳಿಯಿತು, ಜುಲೈಯಲ್ಲಿ ಕೆಲಸವೇ ಹೋಯಿತು. ಬೆಂಗಳೂರಿನ ಒಂದು ಪ್ರವಾಸ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಜನರ ಓಡಾಟವೇ ನಿಂತ ವರ್ಷ ಅಂಥ ಕಂಪನಿಗೆ ಲೆಕ್ಕ ಬರೆಯುವವನು ಯಾಕೆ ಬೇಕು! ಆಗ ನನಗೆ ಇಪ್ಪತ್ತಾರು. ಕೈಗೆ ಬರುತ್ತಿದ್ದದ್ದು 32,000 ರೂಪಾಯಿ. ಶಿಕ್ಷಣ ಸಾಲ ನಾಲ್ಕು ಲಕ್ಷ ಬಾಕಿ, ಕ್ರೆಡಿಟ್ ಕಾರ್ಡಿನಲ್ಲಿ 18,000. ಆ ಏಪ್ರಿಲ್–ಜೂನ್ ಮೂರು ತಿಂಗಳಲ್ಲಿ ದೇಶದ ಜಿಡಿಪಿ ಹಿಂದಿನ ವರ್ಷಕ್ಕಿಂತ ಸುಮಾರು ಶೇ. 24ರಷ್ಟು ಕುಸಿಯಿತು ಎಂದು ಆಮೇಲೆ ಪೇಪರಿನಲ್ಲಿ ಓದಿದೆ. ನನ್ನದು ಶೇ. 50 ಕುಸಿದು, ಮತ್ತೆ ಶೇ. 100 ಆಗಿತ್ತು.

ಲಾಕ್‌ಡೌನ್ ಸಡಿಲವಾಗುತ್ತಲೇ ಶಿರಸಿ ಸಮೀಪದ ನಮ್ಮೂರಿಗೆ ಬಂದವನು ಅಲ್ಲೇ ಉಳಿದೆ. ಆಮೇಲಿನ ಮೂರ್ನಾಲ್ಕು ವರ್ಷ ದುಡ್ಡನ್ನು ಹೇಗೆ ನಡೆಸಿದೆ ಅಂತ ಈಗ ಕೆಲಸ ಕಳೆದುಕೊಂಡ ಹುಡುಗರು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಸಂಬಳದವನ ಲೆಕ್ಕ ತಿಂಗಳದ್ದು. ಒಂದನೇ ತಾರೀಕಿಗೆ ಬರುತ್ತದೆ, ಐದಕ್ಕೆ ಕಂತು, ಇಪ್ಪತ್ತೈದಕ್ಕೆ ಎಳೆದಾಟ. ಆದಾಯ ನಿಂತ ಮೇಲೆ ಆ ಲೆಕ್ಕವನ್ನೇ ಹಿಡಿದುಕೊಂಡರೆ ಪ್ರತಿ ತಿಂಗಳೂ ಸೋತ ಹಾಗೆ ಕಾಣುತ್ತದೆ. ನಮ್ಮನೆಯಲ್ಲಿ ಹಾಗೆ ಯಾವತ್ತೂ ಲೆಕ್ಕ ಹಾಕಿದ್ದೇ ಇಲ್ಲ. ಒಂದೂವರೆ ಎಕರೆ ಅಡಿಕೆ ತೋಟ. ಚಳಿಗಾಲದಲ್ಲಿ ಕೊನೆಕೊಯ್ಲು (ಅಡಿಕೆಗೊನೆ ಇಳಿಸುವುದು), ಸುಲಿತ, ಒಣಗಿಸುವುದು. ಚಾಲಿ, ಅಂದರೆ ಬಿಸಿಲಿಗೆ ಒಣಗಿಸಿದ ಹಣ್ಣಡಿಕೆ, ಆದರೆ ಬೇಸಿಗೆಯಲ್ಲಿ ಮಾರಾಟ. ಅಡಿಕೆ ಸೊಸೈಟಿಯ ಯಾರ್ಡಿಗೆ ಹೋಗುತ್ತದೆ, ಟೆಂಡರಿನಲ್ಲಿ ದರ ಬೀಳುತ್ತದೆ, ಹಣ ಖಾತೆಗೆ ಜಮಾ ಆಗುತ್ತದೆ. ಅದೇ ಖಾತೆಯಲ್ಲಿ ವರ್ಷವಿಡೀ ತಂದ ಅಕ್ಕಿ, ಬೇಳೆ, ಗೊಬ್ಬರ ಖರ್ಚು ಬಿದ್ದಿರುತ್ತದೆ. ಶಿರಸಿಯಲ್ಲಿ ತೋಟಗಾರರ ಸಹಕಾರಿ ವ್ಯವಸ್ಥೆಗೆ ನೂರು ವರ್ಷ ದಾಟಿದೆ, ಟಿ.ಎಸ್.ಎಸ್. (ತೋಟಗಾರ್ಸ್ ಸೇಲ್ ಸೊಸೈಟಿ) ಶುರುವಾದದ್ದು 1923ರಲ್ಲಿ. ಅಷ್ಟು ತಲೆಮಾರು ವರ್ಷಕ್ಕೊಮ್ಮೆ ಬರುವ ಹಣದಲ್ಲೇ ಬದುಕಿದ್ದಾರೆ. ನಾನು ಮೊಬೈಲಿನಲ್ಲಿ ತಿಂಗಳ ಬಜೆಟ್ ಬರೆಯುತ್ತ ಕೂತದ್ದನ್ನು ನೋಡಿ ಅಪ್ಪಯ್ಯ ಹೇಳಿದ, ‘ತಿಂಗಳದ್ದು ಎಂತಕ್ಕೆ ನೋಡ್ತೆ ತಮಾ? ಮುಂದಿನ ಕೊಯ್ಲಿನವರೆಗೆ ಎಷ್ಟು ಬೇಕು ನೋಡು.’

ನೋಡಿದೆ. ದೊಡ್ಡ ಹಾಳೆಯಲ್ಲಿ ಹನ್ನೆರಡು ತಿಂಗಳು ಅಡ್ಡಕ್ಕೆ, ಖರ್ಚಿನ ಬಾಬುಗಳು ಉದ್ದಕ್ಕೆ. ಸಾಲದ ಕಂತು ತಿಂಗಳಿಗೆ 8,600, ಅಂದರೆ ವರ್ಷಕ್ಕೆ 1,03,200. ಮನೆಗೆ ಕೊಡುವುದು 36,000 (ಕೊಡಬೇಡ ಅಂದರು, ಕೊಟ್ಟೆ, ಕೊಡದಿದ್ದರೆ ಮನೆಯಲ್ಲಿ ನಾನು ರಜೆಗೆ ಬಂದ ಹುಡುಗನಾಗಿಯೇ ಉಳಿಯುತ್ತಿದ್ದೆ). ಬೈಕಿನ ಪೆಟ್ರೋಲು, ಸರ್ವಿಸು, ವಿಮೆ ಸೇರಿ 24,000. ಫೋನು, ಇಂಟರ್‌ನೆಟ್ಟು 9,600. ಬಟ್ಟೆ, ಹಬ್ಬ, ಮದುವೆ ಮುಂಜಿಯ ಉಡುಗೊರೆ 12,000. ಆರೋಗ್ಯ ವಿಮೆ 7,000, ಸಣ್ಣ ವಿಮೆಗಳು 342. ಒಟ್ಟು ಒಂದು ಲಕ್ಷ ತೊಂಬತ್ತೆರಡು ಸಾವಿರದ ಚಿಲ್ಲರೆ. ಬೆಂಗಳೂರಿನಲ್ಲಿ ತಿಂಗಳಿಗೆ 32,000 ಖಾಲಿ ಮಾಡುತ್ತಿದ್ದವನಿಗೆ ವರ್ಷವನ್ನು ಹೀಗೆ ಹರಡಿ ನೋಡಿದಾಗ ಬೇಕಾದದ್ದು ತಿಂಗಳಿಗೆ ಹದಿನಾರು ಸಾವಿರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಬಾಬು, ಸಾಲ. ಕಾಫಿ, ಸಿನಿಮಾ ಕಡಿತದ ಉಪದೇಶ ಓದುವವರು ಮೊದಲು ಈ ಅನುಪಾತ ನೋಡಬೇಕು. ನಾನು ಕಾಫಿ ಬಿಡಲಿಲ್ಲ.

ಹಾಳೆಯ ದೊಡ್ಡ ಉಪಯೋಗ ಮೊತ್ತಕ್ಕಿಂತ, ಖರ್ಚು ಯಾವ ತಿಂಗಳಿಗೆ ಬೀಳುತ್ತದೆ ಎಂದು ತೋರಿಸುವುದರಲ್ಲಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಂಡ. ತೋಟಕ್ಕೆ ಕೊಳೆರೋಗದ ಮದ್ದು ಹೊಡೆಸಬೇಕು, ಮೈಲುತುತ್ತ, ಸುಣ್ಣ, ಹೊಡೆಯುವವರ ಕೂಲಿ. ಶಾಲೆ ಕಾಲೇಜು ಫೀಸು ಆಗಲೇ. ಮಳೆ ಮುಗಿಯುವ ಮೊದಲೇ ಚೌತಿ. ಒಳಗೆ ಬರುವುದು ಏನೂ ಇಲ್ಲ. ಆರು ತಿಂಗಳ ಖರ್ಚು ಆಪತ್ತಿಗೆ ಇಟ್ಟುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಯಾವ ತಿಂಗಳಿಗೆ ಅದು ಭರ್ತಿ ಇರಬೇಕು ಅಂತ ಯಾರೂ ಹೇಳುವುದಿಲ್ಲ. ನನ್ನ ಆಪತ್ತಿನ ಹಣ ಮೇ 31ಕ್ಕೆ ತುಂಬಿರಬೇಕು, ಸೆಪ್ಟೆಂಬರಿನಲ್ಲಿ ಕರಗಿದ್ದರೆ ಬೇಜಾರಿಲ್ಲ. ತದಡಿಯ ನನ್ನ ಗೆಳೆಯನ ಮನೆಯಲ್ಲೂ ಇದೇ ಲೆಕ್ಕ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಪಾಲಿನ ಮೇಲೆ ದುಡಿಯುವವರಿಗೆ ಆ ಎರಡು ತಿಂಗಳು ಪಾಲೇ ಇಲ್ಲ. ಅವನ ಅಮ್ಮ ಮೇ ತಿಂಗಳಲ್ಲೇ ಅಕ್ಕಿ, ಒಣಮೀನು, ಕಟ್ಟಿಗೆ ಒಳಗೆ ಸೇರಿಸಿರುತ್ತಾರೆ. 2020ರ ಆರ್ಥಿಕ ಕುಸಿತವನ್ನು ಆ ಮನೆ ನಮ್ಮ ಆಫೀಸಿನ ಯಾವ ಮ್ಯಾನೇಜರಿಗಿಂತಲೂ ಚೆನ್ನಾಗಿ ದಾಟಿತು.

ಸಾಲದ ವಿಷಯ ಸ್ವಲ್ಪ ಉದ್ದವಾಗಿಯೇ ಹೇಳಬೇಕು. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕು ಕಂತು ಮುಂದೂಡಲು ಅವಕಾಶ ಕೊಟ್ಟಿತು, ಮೊದಲು ಮೇ ಕೊನೆಯವರೆಗೆ, ಆಮೇಲೆ ಆಗಸ್ಟ್ 31ರವರೆಗೆ. ನನ್ನ ಓರಗೆಯ ಸುಮಾರು ಜನ ಇದನ್ನು ಮನ್ನಾ ಎಂದುಕೊಂಡರು. ಕಂತು ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ. ನನ್ನ ಸಾಲ ನಾಲ್ಕು ಲಕ್ಷ, ಬಡ್ಡಿ ಶೇ. 10.5, ಇನ್ನೂ 60 ಕಂತು ಬಾಕಿ. ತಿಂಗಳ ಬಡ್ಡಿಯೇ 3,500. ಆರೂ ತಿಂಗಳು ಏನೂ ಕಟ್ಟದೆ ಕೂತರೆ ಸಾಲ 4,21,000 ದಾಟುತ್ತದೆ. ಕಂತು ಅಷ್ಟೇ ಇಟ್ಟುಕೊಂಡರೆ 60ರ ಬದಲು 64ಕ್ಕೂ ಹೆಚ್ಚು ಕಂತು. ಅಂದರೆ ಆರು ತಿಂಗಳ ಉಸಿರಿಗೆ ಕೊಡುವ ಬೆಲೆ ಸುಮಾರು 37,000 ರೂಪಾಯಿ. ನಾನು ನಡುವಿನ ದಾರಿ ಹಿಡಿದೆ. ಕಂತು ಮುಂದೂಡಲು ಒಪ್ಪಿಗೆ ಕೊಟ್ಟೆ, ಹಾಗಾಗಿ ಬ್ಯಾಂಕಿನ ಪಟ್ಟಿಯಲ್ಲಿ ನಾನು ಬಾಕಿದಾರನಲ್ಲ, ಸಾಲ ತೀರಿಸುವ ನಡತೆಗೆ ಕೊಡುವ ಸಿಬಿಲ್ ಅಂಕಕ್ಕೂ ಪೆಟ್ಟಿಲ್ಲ. ಆದರೆ ಅರ್ಧ ಸಂಬಳದಲ್ಲೂ, ಆಮೇಲೆ ಉಳಿತಾಯದಿಂದಲೂ, ಬಡ್ಡಿಯಷ್ಟನ್ನು ನಾನೇ ಸಾಲದ ಖಾತೆಗೆ ಹಾಕುತ್ತ ಹೋದೆ. ಸಾಲ ಬೆಳೆಯಲಿಲ್ಲ, ಅಷ್ಟೇ. ಬಡ್ಡಿಯ ಮೇಲಿನ ಬಡ್ಡಿಯನ್ನು ಸರ್ಕಾರ ಆಮೇಲೆ ಎರಡು ಕೋಟಿವರೆಗಿನ ಸಾಲಗಳಿಗೆ ವಾಪಸು ಕೊಟ್ಟಿತು, ಅದರ ಬಗ್ಗೆ ದೊಡ್ಡ ಸುದ್ದಿಯಾಯಿತು. ನನ್ನ ಅಳತೆಯ ಸಾಲಕ್ಕೆ ಅದು ಐನೂರು ರೂಪಾಯಿಯ ಒಳಗಿನ ಮಾತು. ಗದ್ದಲ ಆದದ್ದು ಅಲ್ಲಿ, ಹೊರೆ ಇದ್ದದ್ದು ಬೇರೆ ಕಡೆ.

ಇನ್ನೊಂದು ಅರ್ಜಿಯ ಕೆಲಸವನ್ನೂ ಆಗಲೇ ಮಾಡಿಕೊಂಡೆ. ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ, ಶೇ. 5.15ರಿಂದ ಮಾರ್ಚ್‌ನಲ್ಲಿ 4.40ಕ್ಕೆ, ಮೇಯಲ್ಲಿ 4.00ಕ್ಕೆ ಇಳಿದಿತ್ತು. ನನ್ನ ಸಾಲ ಹಳೆಯ ಪದ್ಧತಿಯದ್ದು, ಇಳಿಕೆ ನನ್ನವರೆಗೆ ಬಂದೇ ಇರಲಿಲ್ಲ. ರೆಪೊಗೆ ಜೋಡಿಸಿದ ದರಕ್ಕೆ ಬದಲಾಯಿಸಿ ಎಂದು ಬರೆದುಕೊಟ್ಟು, ಅವರು ಕೇಳಿದ ಶುಲ್ಕ ಕಟ್ಟಿದೆ. ಬಡ್ಡಿ ಒಂದು ಶೇಕಡಾಕ್ಕಿಂತ ತುಸು ಹೆಚ್ಚೇ ಇಳಿಯಿತು. 2022ರ ಮೇಯಿಂದ ರೆಪೊ ಏರತೊಡಗಿ 2023ರ ಫೆಬ್ರುವರಿಗೆ 6.50 ಮುಟ್ಟಿದಾಗ ಏರಿಕೆಯೂ ಅಷ್ಟೇ ಚುರುಕಾಗಿ ನನ್ನನ್ನು ಹುಡುಕಿಕೊಂಡು ಬಂತು. ಅಷ್ಟು ಹೊತ್ತಿಗೆ ಬಾಕಿ ಸಣ್ಣದಾಗಿತ್ತು.

ಕಾರ್ಡಿನ 18,000 ಮೊದಲು ಮುಗಿಯಬೇಕಿತ್ತು. ತಿಂಗಳಿಗೆ ಮೂರೂವರೆ ಶೇಕಡಾ, ವರ್ಷಕ್ಕೆ 42, ಮೇಲೆ ಜಿಎಸ್‌ಟಿ. ‘ಕನಿಷ್ಠ ಮೊತ್ತ’ ಕಟ್ಟಿ ನೆಮ್ಮದಿಯಾಗಿರುವವರನ್ನು ಕಂಡರೆ ನನಗೆ ಈಗಲೂ ಗಾಬರಿ. ಪಿಎಫ್‌ನಿಂದ ಕೋವಿಡ್ ಮುಂಗಡ ತೆಗೆಯಲು ಆಗ ಬಿಟ್ಟಿದ್ದರು: ಮೂರು ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ, ಇಲ್ಲವೇ ಖಾತೆಯ ಶೇ. 75, ಯಾವುದು ಕಡಿಮೆಯೋ ಅದು. ನನಗೆ 45,000 ಸಿಗುತ್ತಿತ್ತು. ತೆಗೆದದ್ದು 18,000 ಮಾತ್ರ. ಪಿಎಫ್ ಶೇ. 8.5 ಕೊಡುತ್ತಿದ್ದ ಕಾಲ ಅದು, ನನ್ನ ಬ್ಯಾಂಕಿನ ಉಳಿತಾಯ ಖಾತೆ ಶೇ. 3ನ್ನೂ ಕೊಡುತ್ತಿರಲಿಲ್ಲ. ಸಿಗುತ್ತದೆ ಅಂತ ಪೂರ್ತಿ ತೆಗೆದು ಅಲ್ಲಿಡುವುದರಲ್ಲಿ ಅರ್ಥವಿರಲಿಲ್ಲ.

ಆಯಿ, ಅಂದರೆ ಅಮ್ಮ, ತನ್ನ ಸರ ಅಡ ಇಡು ಅಂದಳು. 2020ರ ಆಗಸ್ಟಿನಲ್ಲಿ ಬಂಗಾರ ಹತ್ತು ಗ್ರಾಮಿಗೆ 55,000 ದಾಟಿತ್ತು, ಬ್ಯಾಂಕುಗಳು ಬೆಲೆಯ ಶೇ. 75ರ ಬದಲು 90ರವರೆಗೂ ಸಾಲ ಕೊಡಬಹುದು ಎಂದು ರಿಸರ್ವ್ ಬ್ಯಾಂಕು ಹೇಳಿದ್ದೂ ಆಗಲೇ. ಬೆಲೆ ನೆತ್ತಿಯಲ್ಲಿರುವಾಗ ಪೂರ್ತಿ ಎಳೆದು ಸಾಲ ತೆಗೆದರೆ, ಇಳಿದಾಗ ಮೇಲಿನಿಂದ ದುಡ್ಡು ತುಂಬಿ ಎನ್ನುತ್ತಾರೆ. ಬೇಡ ಅಂದೆ. ಮುಂದಿನ ಮಾರ್ಚ್ ಹೊತ್ತಿಗೆ ದರ 45,000ದ ಆಸುಪಾಸು. ಅಪ್ಪಯ್ಯನ ಬೆಳೆಸಾಲವನ್ನೂ ಮುಟ್ಟಲಿಲ್ಲ. ಆಗ ಮೂರು ಲಕ್ಷದವರೆಗೆ ಬಡ್ಡಿಯಿರಲಿಲ್ಲ ನಿಜ, ಆದರೆ ಗಡುವಿನೊಳಗೆ ತೀರಿಸಿದರೆ ಮಾತ್ರ. ಗಡುವು ತಪ್ಪಿದರೆ ರಿಯಾಯಿತಿ ಹೋಗುತ್ತದೆ, ಸೊಸೈಟಿಯಲ್ಲಿ ಅಪ್ಪಯ್ಯನ ಮಾತೂ ಹೋಗುತ್ತದೆ.

ಕೈಯಲ್ಲಿದ್ದ ಹಣ ಅಂದರೆ ಬೆಂಗಳೂರಿನ ರೂಮಿನ ಅಡ್ವಾನ್ಸಿನಲ್ಲಿ ವಾಪಸು ಬಂದ 32,500, ಮತ್ತೊಂದಿಷ್ಟು ಉಳಿತಾಯ. ಊರಿನ ಸೊಸೈಟಿಯಲ್ಲಿ ಠೇವಣಿ ಇಟ್ಟರೆ ಬಡ್ಡಿ ಜಾಸ್ತಿ ಎಂದು ನೆಂಟರೆಲ್ಲ ಹೇಳಿದರು. 2020ರ ಫೆಬ್ರುವರಿ 4ರಿಂದ ಠೇವಣಿ ವಿಮೆ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿದೆ. ಅದು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕೂ ಸೇರಿ. ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ಹೆಸರಿನಲ್ಲಿ ‘ಸಹಕಾರಿ’ ಎಂದಿದ್ದರೆ ಸಾಲದು, ‘ಬ್ಯಾಂಕ್’ ಎಂದು ಲೈಸೆನ್ಸ್ ಇದೆಯೇ ನೋಡಬೇಕು. ಸೊಸೈಟಿಯ ಜೊತೆ ವ್ಯವಹಾರ ಇರಲಿ, ಅಡಿಕೆ ಅಲ್ಲೇ ಮಾರಲಿ. ಆಪತ್ತಿನ ಹಣ ಮಾತ್ರ ವಿಮೆ ಇರುವಲ್ಲಿ. ಇದನ್ನು ಹೇಳಿ ಒಂದಿಬ್ಬರ ಮುಖ ಗಂಟಾಗಿದೆ.

ಎಸ್‌ಐಪಿ, ಅಂದರೆ ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಹಾಕುವ ಕಂತು, ನಿಲ್ಲಿಸಿದೆ. ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ ಶೇ. 13 ಬಿದ್ದಾಗಲೂ ಮಾರಲಿಲ್ಲ, ಆದರೆ ಹೊಸದಾಗಿ ಹಾಕಲೂ ಇಲ್ಲ. ‘ಬಿದ್ದಾಗಲೇ ಕೊಳ್ಳಬೇಕು’ ಎನ್ನುವುದು ಸಂಬಳ ಇರುವವರ ಮಾತು. ನಿಲ್ಲಿಸುವಾಗ ಕ್ರಮಬದ್ಧವಾಗಿ ರದ್ದು ಮಾಡಿ. ಖಾತೆ ಖಾಲಿ ಬಿಟ್ಟರೆ ಬ್ಯಾಂಕು ಪ್ರತಿ ಸಲವೂ ದಂಡ ಹಾಕುತ್ತದೆ.

ಕೆಲಸದ ಜೊತೆಗೆ ಕಂಪನಿಯ ಆರೋಗ್ಯ ವಿಮೆಯೂ ಹೋಗುತ್ತದೆ ಎಂಬುದು ಬಹಳ ಜನರಿಗೆ ಹೊಳೆಯುವುದಿಲ್ಲ. ನನ್ನ ಹೆಸರಿಗೆ ಐದು ಲಕ್ಷದ್ದೊಂದು ಮಾಡಿಸಿದೆ. ನಮ್ಮ ಜಿಲ್ಲೆಯವರು ಇಲ್ಲಿ ಒಂದು ವಿಷಯ ವಿಶೇಷವಾಗಿ ನೋಡಬೇಕು. ದೊಡ್ಡ ಕಾಯಿಲೆ, ಅಪಘಾತ ಆದರೆ ಇಲ್ಲಿಂದ ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು. ಹಾಗಾಗಿ ವಿಮೆ ಕಂಪನಿಯ ಪಟ್ಟಿಯಲ್ಲಿ ಬೆಂಗಳೂರಿನ ನೂರು ಆಸ್ಪತ್ರೆ ಇದ್ದು ಏನೂ ಪ್ರಯೋಜನವಿಲ್ಲ, ಆ ಮೂರು ಊರಿನವು ಇರಬೇಕು. ಆಂಬುಲೆನ್ಸಿನ, ಜೊತೆಗಿರುವವರ ಊಟ ವಸತಿಯ ಖರ್ಚನ್ನು ವಿಮೆ ಪೂರ್ತಿ ನೋಡುವುದಿಲ್ಲ. ಅದಕ್ಕೆಂದೇ ಇಪ್ಪತ್ತು ಸಾವಿರ ಬೇರೆ ಇಟ್ಟೆ. ಸಣ್ಣ ವಿಮೆಗಳೆಂದರೆ ಪ್ರಧಾನಮಂತ್ರಿ ಹೆಸರಿನ ಎರಡು, ಜೀವನ ಜ್ಯೋತಿ ಮತ್ತು ಸುರಕ್ಷಾ. ಆಗ 330 ಮತ್ತು 12 ರೂಪಾಯಿ, 2022ರ ಜೂನ್‌ನಿಂದ 436 ಮತ್ತು 20. ಮೇ ಕೊನೆಯಲ್ಲಿ ಖಾತೆಯಿಂದ ಕಡಿತವಾಗುತ್ತದೆ, ಆ ಹೊತ್ತಿಗೆ ಖಾತೆಯಲ್ಲಿ ಅಷ್ಟು ಇರಬೇಕು.

ಆದಾಯಕ್ಕೆ ಶಿರಸಿ ಪೇಟೆಯ ಅಂಗಡಿಗಳ ಲೆಕ್ಕ, ಜಿಎಸ್‌ಟಿ ಹಿಡಿದೆ. ತಿಂಗಳಿಗೆ ಸಾವಿರ, ಸಾವಿರದೈನೂರರ ಗಿರಾಕಿಗಳು. 2021ರ ಜನವರಿಯಿಂದ ಸಣ್ಣ ವ್ಯಾಪಾರಿಗಳಿಗೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಅವಕಾಶ ಬಂದ ಮೇಲೆ ಅವರು ನನಗೆ ಕೊಡುವುದೂ ಮೂರು ತಿಂಗಳಿಗೊಮ್ಮೆ ಆಯಿತು. ಕೆಲವರು ಅಡಿಕೆ ಬಂದ ಮೇಲೆಯೇ. ವರ್ಷದ ಹಾಳೆ ಇಲ್ಲದಿದ್ದರೆ ಇದರಲ್ಲಿ ಮುಳುಗುತ್ತಿದ್ದೆ. ಬಂದ ಇಡಿಗಂಟಿನಿಂದ ಮೊದಲು ಮುಂದಿನ ಮೂರು ಕಂತಿನ ಹಣ ಬೇರೆ ಖಾತೆಗೆ ಹೋಗುತ್ತದೆ, ಉಳಿದದ್ದು ಖರ್ಚಿಗೆ. ಅಂಗಡಿಯವರು ನಗದು ಕೊಟ್ಟರೆ ಪಿಗ್ಮಿಗೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆಯಂತೆ ಶುರು ಮಾಡಿದ ಯೋಜನೆ ಅದು. ಆ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಪಿಗ್ಮಿ ಸಂಗ್ರಹಿಸುವವರು ಮಾತ್ರ ಇನ್ನೂ ಬರುತ್ತಾರೆ. ಬಡ್ಡಿ ಕಡಿಮೆ, ನಡುವೆ ಮುರಿದರೆ ಕಡಿತ. ಆದರೆ ಜೇಬಿನಲ್ಲಿದ್ದರೆ ಕರಗುವ ನಗದಿಗೆ ಅದೇ ಸರಿ.

ಹಾಳೆಯ ಕೊನೆಯ ಬಾಬು ಕೈಸಾಲ. ಕಷ್ಟಕಾಲದಲ್ಲಿ ಎಲ್ಲರೂ ಎಲ್ಲರನ್ನೂ ಕೇಳುತ್ತಾರೆ, ಇಲ್ಲ ಅಂದರೆ ಸ್ನೇಹ ಕೆಡುತ್ತದೆ, ಹೌದು ಅಂದರೆ ಲೆಕ್ಕ ಕೆಡುತ್ತದೆ. ಮೊದಲ ವರ್ಷ ಕೈ ಬಿಗಿ ಹಿಡಿದೆ. ಎರಡನೇ ವರ್ಷದಿಂದ 5,000 ಎಂದು ಬರೆದಿಟ್ಟೆ. ಅದು ಮುಗಿದರೆ ಆ ವರ್ಷಕ್ಕೆ ಮುಗಿಯಿತು, ಹಾಗೆಂದೇ ಹೇಳುತ್ತೇನೆ. ತದಡಿಯ ಗೆಳೆಯ ಜೂನ್ ಕೊನೆಗೆ ಎರಡು ಸಾವಿರ ತೆಗೆದುಕೊಳ್ಳುವುದುಂಟು. ಆಗಸ್ಟಿನಲ್ಲಿ ಅವನನ್ನು ಕೇಳಬಾರದು, ಬೋಟು ಆಗಷ್ಟೇ ನೀರಿಗೆ ಇಳಿದಿರುತ್ತದೆ, ಮೊದಲ ದುಡಿಮೆಯೆಲ್ಲ ಡೀಸೆಲ್ಲಿಗೆ, ಬಲೆಗೆ. ನನ್ನ ಹಾಳೆಯಲ್ಲಿ ಅದು ಸೆಪ್ಟೆಂಬರ್ ಜಮಾ.